ಎಡಕ್ಕೆ ಹತ್ತು ಬೆರಳು, ಬಲಕ್ಕೆ ಎಂಟು

ನಾನು ನಿಂತಿದ್ದು ಜಾಲಿ ಗಿಡದ ಬುಡದಲ್ಲಿ. ಗಾಡಿ ನನ್ನಿಂದ ನಾಲ್ಕು ಹೆಜ್ಜೆ ದೂರ. ಊರು, ಹುಮನಾಬಾದ್ ದಾಟಿ ನಿರ್ಣಾ ಕಡೆ ಹೋಗುವಾಗ ಹಳ್ಳದ ಆಚೆ ಸಿಗುವ ನಮ್ಮ ಸೋದರತ್ತಿಯ ಊರು. ಹೊತ್ತು ಮಧ್ಯಾಹ್ನ ಎರಡೂವರೆ. ನಾಗರಪಂಚಮಿಗೆ ಎರಡು ದಿನ ಬಾಕಿ. ವರ್ಷ ಎಪ್ಪತ್ತೇಳೋ ಎಪ್ಪತ್ತೆಂಟೋ, ಅದೊಂದನ್ನು ಆಣೆ ಮಾಡಿ ಹೇಳಲಾರೆ. ಉಳಿದದ್ದಕ್ಕೆಲ್ಲ ನಾನೇ ಜವಾಬ್ದಾರ. ನನ್ನ ಬಲಗೈಯಲ್ಲಿ ಛತ್ರಿ ಇತ್ತು, ಎಡಗೈಯಲ್ಲಿ ಅತ್ತಿಯ ಬಟ್ಟೆಗಂಟು. ನನ್ನ ಎರಡೂ ಕೈ ಖಾಲಿ ಇರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ನೆನಪಿಡಬೇಕು.

ನಮ್ಮ ಕಾಕಾ ತಮ್ಮ ಪಿಕಪ್ ಗಾಡಿಯನ್ನು ಎತ್ತರಿಸಿದ್ದು ಎಡಕ್ಕೆ ಹತ್ತು ಬೆರಳು, ಬಲಕ್ಕೆ ಎಂಟು. ಎರಡೂ ಕಡೆ ಹದಿನೈದು ಎನ್ನುವವರು ಬಸವಕಲ್ಯಾಣದಲ್ಲಿ ಇನ್ನೂ ಸಿಗುತ್ತಾರೆ. ಅವರು ಅಳೆದಿಲ್ಲ. ನಾನು ಅಳೆದಿದ್ದೇನೆ!

ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ಬಸವಕಲ್ಯಾಣದ ಪೇಟೆಯಲ್ಲಿ ಕಾಳಿನ ಅಂಗಡಿ. ಬಿಳಿ ಧೋತರ, ಬಿಳಿ ಅಂಗಿ, ಎರಡಕ್ಕೂ ಗಂಜಿ. ಆ ಗಂಜಿ ಎಂಥದ್ದು ಅಂತೀರಿ! ಅವರು ನಡೆದರೆ ಹಪ್ಪಳ ಮುರಿದ ಸಪ್ಪಳ ಬರುತ್ತಿತ್ತು. ಕಟ್ಟೆಯ ಮೇಲೆ ಕೂರುವ ಮುಂಚೆ ಕರವಸ್ತ್ರ ಹಾಸುವರು. ಗುಡಿಗೆ ಹೋದರೂ ನಿಂತೇ ಕೈ ಮುಗಿಯುವರು. "ಮನಸ್ಸು ಬಗ್ಗಿದ್ರ ಸಾಕು, ಮೊಣಕಾಲು ಯಾಕ ಬಗ್ಗಬೇಕು?" ಎಂಬುದು ಅವರ ಸಿದ್ಧಾಂತ. ದೇವರು ಇದಕ್ಕೆ ತಕರಾರು ಮಾಡಿದ್ದು ನನಗೆ ಗೊತ್ತಿಲ್ಲ.

ಅತ್ತಿ ಅವರಿಗಿಂತ ಹತ್ತು ವರ್ಷ ದೊಡ್ಡವಳು. ಪಂಚಮಿಗೆ ಹೆಣ್ಣುಮಗಳು ತವರಿಗೆ ಬರಬೇಕು, ಅಣ್ಣನೋ ತಮ್ಮನೋ ಹೋಗಿ ಕರೆತರಬೇಕು. ಇದು ನಮ್ಮ ಕಡೆ ಯಾರೂ ಮುರಿಯದ ಮಾತು. ಆದರೆ ಪಂಚಮಿ ಬರುವುದು ಮಳೆಗಾಲದಲ್ಲಿ, ಅತ್ತಿಯ ಊರಿರುವುದು ಕರಿ ಮಣ್ಣಿನಲ್ಲಿ. ಎತ್ತಿನ ಗಾಡಿಯಲ್ಲಿ ಬರೋಣವೆಂದರೆ ಅವಳ ಮೊಣಕಾಲು ಬಾತು, ಕುಲುಕಾಟ ಸಲ್ಲದೆಂದು ಹುಮನಾಬಾದಿನ ಡಾಕ್ಟರು ಹೇಳಿದ್ದರು. ಹಿಂದಿನ ವರ್ಷ ಕಾಕಾ ಪಿಕಪ್ ತೆಗೆದುಕೊಂಡು ಹೋದರು. ಎತ್ತಿನ ಗಾಡಿಗಳು ಕೊರೆದ ಜಾಡಿನ ನಡುವೆ ಒಂದು ದಿಬ್ಬ ಉಳಿದಿರುತ್ತದಲ್ಲ, ಪಿಕಪ್ಪಿನ ಹೊಟ್ಟೆ ಅದರ ಮೇಲೆ ಕೂತುಬಿಟ್ಟಿತು. ನಾಲ್ಕೂ ಗಾಲಿ ಗಾಳಿಯಲ್ಲಿ ತಿರುಗುತ್ತಿದ್ದವಂತೆ. ಹಳ್ಳದ ಆಚೆ ದಂಡೆಯಲ್ಲಿ ಅತ್ತಿ ಗಂಟು ಹಿಡಿದು ಸಂಜೆಯ ತನಕ ನಿಂತಿದ್ದು, ಆಮೇಲೆ ಮನೆಗೆ ತಿರುಗಿದಳು. ಕಾಕಾ ಅದನ್ನು ಕಣ್ಣಾರೆ ಕಂಡರು. ಈ ವರ್ಷ ಏನಾದರೂ ಸರಿ, ಅಕ್ಕನನ್ನು ತರಲೇಬೇಕು!

ಹೊಸ ಗಾಡಿ ಕೊಳ್ಳುವ ಶಕ್ತಿ ಇರಲಿಲ್ಲ. ಇದ್ದ ಗಾಡಿಯೇ ಎತ್ತರವಾಗಬೇಕು. ಗಾಲಿ ದೊಡ್ಡದು ಹಾಕಿದರೆ ಹೊಟ್ಟೆ ಮೇಲೇಳುತ್ತದೆ. ಆದರೆ ದೊಡ್ಡ ಗಾಲಿ ಮಡ್‌ಗಾರ್ಡಿಗೆ ಉಜ್ಜುತ್ತದೆ. ಆದ್ದರಿಂದ ಗಾಡಿಯ ಭಾರ ಹೊರುವ ಕಮಾನು ಪಟ್ಟಿಯ ಹತ್ತಿರ ಜಾಲಿ ಕಟ್ಟಿಗೆಯ ದಿಮ್ಮಿ ಇಟ್ಟು ಮೈಯನ್ನೂ ಎತ್ತಬೇಕು. ಇಷ್ಟನ್ನೂ ಕಾಕಾ ಒಂದು ಕಪ್ ಚಹಾ ಆರುವುದರೊಳಗೆ ಯೋಚಿಸಿದರು.

"ದಿಮ್ಮಿ ಎಷ್ಟು ಎತ್ತರ ಬೇಕ್ರಿ?" ಎಂದು ಬಡಿಗೇರ ಕೇಳಿದ.

ಕಾಕಾ ಮುಷ್ಟಿ ಕಟ್ಟಿ ಹೆಬ್ಬೆರಳು ನೆಟ್ಟಗೆ ಮಾಡಿ ತೋರಿಸಿದರು. "ಇಷ್ಟು."

"ಟೇಪ್ ಹಿಡಿದು ಹೇಳ್ರಿ."

"ನಿನಗ ಕೈ ಇಲ್ಲೇನು?"

ಬಡಿಗೇರನಿಗೆ ಕೈ ಇತ್ತು. ಸಮಸ್ಯೆಯೇ ಅದು. ಎಡಗಡೆಯ ಎರಡು ದಿಮ್ಮಿಗಳನ್ನು ಅವನು ತನ್ನ ಮುಷ್ಟಿಯ ಅಳತೆಗೆ ಕೊಯ್ದ; ಆ ಮುಷ್ಟಿ ತೆಂಗಿನಕಾಯಿಯಷ್ಟಿತ್ತು. ಮರುದಿನ ಅವನು ಬೀಗರ ಊರಿಗೆ ಹೋದ. ಬಲಗಡೆಯ ಎರಡನ್ನು ಅವನ ಮುದುಕ ತಂದೆ ತನ್ನ ಮುಷ್ಟಿಯ ಅಳತೆಗೆ ಕೊಯ್ದ, ಅದು ನಿಂಬೆಹಣ್ಣಿನಷ್ಟಿತ್ತು. ಗಾಡಿ ಎದ್ದು ನಿಂತಾಗ, ಯಾರದೋ ಗುಟ್ಟು ಕೇಳುವಂತೆ ಬಲಕ್ಕೆ ವಾಲಿತ್ತು!

ಕಾಕಾ ಸುತ್ತ ಒಂದು ಸಲ ತಿರುಗಿ ನೋಡಿದರು. "ಇರಲಿ. ಎಡಕ ತೂಕ ಇಟ್ರ ಸಮ ಆಗ್ತದ. ಮಾಸ್ತರ, ನೀ ಬರ್ತಿ."

ಮಾಸ್ತರ ಎಂದರೆ ನಾನು. ಶಾಲೆಯಲ್ಲಿ ಗಣಿತ ಹೇಳುತ್ತಿದ್ದೆ, ತೊಂಬತ್ತು ಕಿಲೋ ಇದ್ದೆ. ನಾನು ಈ ಘಟನೆಗೆ ಸಾಕ್ಷಿಯಾದದ್ದು ಪ್ರೀತಿಯ ಕಾರಣಕ್ಕಲ್ಲ, ತೂಕದ ಕಾರಣಕ್ಕೆ.

ಟಾಯರಿಗೆ ಹುಮನಾಬಾದಿಗೆ ಹೋದೆವು. ಹೆದ್ದಾರಿಯ ಬದಿಯಲ್ಲಿ ಒಬ್ಬ ಚಾಚಾ ಹಳೇ ಟಾಯರು ಮಾರುತ್ತಿದ್ದ. ಸಣ್ಣ ಲಾರಿಯ ನಾಲ್ಕು ಟಾಯರು ನಮ್ಮ ರಿಮ್ಮಿಗೆ ಕೂರುವಂತಿದ್ದವು.

"ಸೇಠ್, ನಿಮ್ಮ ಗಾಡಿ ಬಕರಿ ಇದ್ದಂಗ ಅದ. ಬಕರಿಗಿ ಆನಿ ಕಾಲು ಹಚ್ತೀರೇನು?"

"ಹಚ್ಚು ಚಾಚಾ. ನಡೀಲಿಕ್ಕ ಬಕರಿ ಕಲೀತದ."

"ಇದ್ರಾಗ ಜಾನ್ ಇಲ್ಲ ನೋಡ್ರಿ, ಎಲ್ಲಾ ಸವದದ."

"ನಮ್ಮಕ್ಕನ ಊರಿಗಿ ಹೋಗಿ ಬರೂ ತನಕ ಜಾನ್ ಇದ್ರ ಸಾಕು."

ಎರಡು ಚೀಲ ತೊಗರಿಗೆ ವ್ಯವಹಾರ ಮುಗಿಯಿತು. ಚಾಚಾ ಟಾಯರು ಹಾಕಿದ, ಗಾಡಿಯ ಬಾನೆಟ್ಟು ಮುಟ್ಟಿ ಏನೋ ದುವಾ ಹೇಳಿದ. ಅದು ಗಾಡಿಗೋ ನನಗೋ ಎಂದು ನಾನು ಕೇಳಲಿಲ್ಲ.

ದಿಮ್ಮಿ ಇಟ್ಟರೂ ಬಲಕ್ಕೆ ತಿರುಗಿಸಿದರೆ ಟಾಯರು ಉಜ್ಜುತ್ತಿತ್ತು. ಎಡಕ್ಕೆ ಸರಾಗ. ಮಡ್‌ಗಾರ್ಡು ಕತ್ತರಿಸುವ ತನಕ ಕಾಕಾ ಎರಡು ದಿನ ಎಡಕ್ಕೆ ಮಾತ್ರ ತಿರುಗಿದರು. ಬಲಗಡೆಯ ಓಣಿಗೆ ಹೋಗಬೇಕಾದರೆ ಎಡಕ್ಕೆ ಮೂರು ಸಲ! ಬಸವಕಲ್ಯಾಣದ ಜನ ಅವರನ್ನು ಒಂದೇ ಮುಂಜಾನೆ ನಾಲ್ಕು ಓಣಿಗಳಲ್ಲಿ ಕಂಡು, ವ್ಯಾಪಾರ ಭಾರಿ ಬೆಳೆದಿದೆ ಎಂದುಕೊಂಡರು.

ಹೊರಡುವ ದಿನ ಕಾಕಿ ಹೊಸ್ತಿಲಲ್ಲಿ ನಿಂತು ಗಾಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ಅಲ್ರೀ, ಇದನ್ನ ಹತ್ತೋದು ಹ್ಯಾಂಗ? ಒಂದು ಸ್ಟೂಲರ ಇಟ್ಕೊಂಡ್ ಹೋಗ್ರಿ."

"ಸ್ಟೂಲ್ ಹಾಕಿ ಹತ್ತಲಿಕ್ಕ ಇದೇನು ಅಟ್ಟೇನು?" ಎಂದು ಕಾಕಾ ಧೋತರ ಒಂದು ಕೈಯಲ್ಲಿ ಹಿಡಿದು ಜಿಗಿದು ಕೂತರು. ನಾನು ಮೂರನೆಯ ಪ್ರಯತ್ನಕ್ಕೆ ಹತ್ತಿದೆ.

ಈಗ ನಿಜ ಹೇಳಬೇಕು. ಗಾಡಿ ಹೋಯಿತು! ಆ ದಿಬ್ಬ ಬಂತು, ನಾನು ಕಣ್ಣು ಮುಚ್ಚಿದೆ, ಹೊಟ್ಟೆಗೆ ಒಂದು ಹುಲ್ಲುಕಡ್ಡಿ ಸವರಿದ ಸಪ್ಪಳವೂ ಬರಲಿಲ್ಲ. ಹಳ್ಳದ ನೀರು ಅರ್ಧ ಗಾಲಿಗೆ ಬಂತು, ಇಳಿಯಿತು. ಊರ ಮುಂದಿನ ಜಾಲಿ ಗಿಡದ ಹತ್ತಿರ ಕಾಕಾ ಗಾಡಿ ನಿಲ್ಲಿಸಿದರು. ಓಣಿ ಕಿರಿದು, ಮುಂದೆ ಹೋಗದು. ಹಾರ್ನು ಮಾತ್ರ ಹೋಯಿತು, ಮನೆ ಮನೆಗೆ.

ಅತ್ತಿ ಕೋಲೂರಿಕೊಂಡು ಬಂದಳು. ಹಿಂದೆ ಅರ್ಧ ಊರು. ಗಂಟನ್ನು ನನ್ನ ಕೈಗೆ ಕೊಟ್ಟು, ಕತ್ತೆತ್ತಿ ಗಾಡಿ ನೋಡಿದಳು. "ಏನೋ ಇದು, ಗಾಡಿನೋ ಮಾಳಿಗಿನೋ?"

ಕಾಕಾ ಬಾಗಿಲು ತೆರೆದರು. ಅತ್ತಿ ಕಾಲೆತ್ತಿದಳು. ಕಾಲು ಒಂದು ಗೇಣು ಎದ್ದು ನಿಂತಿತು. ಮತ್ತೆತ್ತಿದಳು, ಅಷ್ಟೇ. ನಮ್ಮ ಕಾಕಾ ದಿಬ್ಬ ಅಳೆದಿದ್ದರು, ಹಳ್ಳ ಅಳೆದಿದ್ದರು, ಜಾಡಿನ ಅಗಲ ಅಳೆದಿದ್ದರು. ಅಕ್ಕನ ಮೊಣಕಾಲು ಅಳೆದಿರಲಿಲ್ಲ.

ಎದುರು ಮನೆಯ ಹೊಸ ಸೊಸೆ ಶರಣಮ್ಮ ಓಡಿಹೋಗಿ ಒಂದು ಸ್ಟೂಲು ತಂದಳು. ಅತ್ತಿ ಅದರ ಮೇಲೆ ಕೈಯೂರಿದ್ದೇ ತಡ, ನಾಲ್ಕೂ ಕಾಲು ಕರಿ ಮಣ್ಣಿನಲ್ಲಿ ಇಳಿದು ಅದು ಮಣೆಯಾಯಿತು. "ಎತ್ತಿ ಕೂಡಿಸ್ರಿ" ಎಂದ ಯಾರೋ.

"ನಾ ಏನು ಜೋಳದ ಚೀಲೇನು? ಯಾರರ ಮುಟ್ರಿ, ನೋಡ್ತೀನಿ!" ಎಂದಳು ಅತ್ತಿ. ಜನ ನಕ್ಕರು. ಅವಳೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ಇರ್ಲಿ ತಮ್ಮಾ. ನೀ ಬಂದಿಯಲ್ಲ, ನನಗ ಅದೇ ಪಂಚಮಿ. ನಡಿ, ಉಂಡು ಹೋಗು" ಎಂದು ಮನೆಯ ಕಡೆ ತಿರುಗಿದಳು.

ಹಿಂದಿನ ವರ್ಷವೂ ಹೀಗೇ ತಿರುಗಿದ್ದಳು.

ನಾನು ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಕಾಕಾ ಕರವಸ್ತ್ರ ಹಾಸಲಿಲ್ಲ. ಧೋತರ ಎತ್ತಿ ಹಿಡಿಯಲಿಲ್ಲ. ಎರಡು ಮೊಣಕಾಲು, ಎರಡು ಅಂಗೈ ಆ ಕೆಸರಿನಲ್ಲಿ ಊರಿ ಬೆನ್ನು ಸಮ ಮಾಡಿದರು.

"ಅಕ್ಕಾ, ಇಡು ಕಾಲು."

"ಏಳೋ! ತಮ್ಮನ ಮ್ಯಾಲ ಕಾಲಿಡ್ತಾರೇನೋ? ಬಟ್ಟಿ ನೋಡು!"

"ಬಟ್ಟಿ ಆಮ್ಯಾಲ ನೋಡೋಣ. ನನಗ ಭಾಳೊತ್ತು ಹಿಂಗ ಇರಲಿಕ್ಕ ಆಗಂಗಿಲ್ಲ. ಲಗೂ ಇಡು."

ಯಾರೂ ನಗಲಿಲ್ಲ. ಅತ್ತಿ ಸೆರಗಿನಿಂದ ಪಾದ ಒರೆಸಿಕೊಂಡಳು. ಕರಿ ಮಣ್ಣು ಒರೆಸಿದರೆ ಬಿಡುತ್ತದೆಯೇ? ಒಂದು ಕೈ ಶರಣಮ್ಮನ ಹೆಗಲ ಮೇಲೆ, ಒಂದು ಕೈ ಬಾಗಿಲ ಮೇಲೆ. ಕಾಕಾ ಎದೆ ಕೆಸರಿಗೆ ತಾಗುವಷ್ಟು ತಗ್ಗಿ, ಕಾಲು ಬಿದ್ದ ಮೇಲೆ ಬೆನ್ನೆತ್ತುತ್ತ ಒಂದು ಸಲ "ಹ್ಞಂ" ಎಂದರು. ಅತ್ತಿ ಮೇಲಿದ್ದಳು. ನಾನು ಛತ್ರಿ ಮತ್ತು ಗಂಟು ಹಿಡಿದು ನಿಂತೇ ಇದ್ದೆ.

ತಿರುಗಿ ಬರುವಾಗ ಹುಮನಾಬಾದಿನಲ್ಲಿ, ಅತ್ತಿಯನ್ನು ಮೇಲೇ ಬಿಟ್ಟು, ನಾವಿಬ್ಬರು ಚಹಾಕ್ಕೆ ಇಳಿದೆವು. ಟಾಯರಿನ ಚಾಚಾ ಓಡಿ ಬಂದ. "ಸೇಠ್, ಬೆನ್ನ ಮ್ಯಾಲ ಏನೋ ಹತ್ತದ, ಝಾಡಸ್ಲೇನು?"

"ಮುಟ್ಟಬ್ಯಾಡ ಚಾಚಾ" ಎಂದರು ಕಾಕಾ. "ಅದು ನಮ್ಮಕ್ಕಂದು."

ಚಾಚಾ ಈಗಿಲ್ಲ. ಅತ್ತಿ ಇಲ್ಲ, ಕಾಕಾ ಇಲ್ಲ. ಆ ಹೆಜ್ಜೆ ಬಿಳಿ ಅಂಗಿಯ ಮೇಲೆ ಮೂಡಿದ್ದನ್ನು ತೀರ ಹತ್ತಿರದಿಂದ ಕಂಡವರಲ್ಲಿ ಉಳಿದವರು ನಾನು, ಮತ್ತು ಸ್ಟೂಲು ತಂದ ಶರಣಮ್ಮ. ಅವಳಿಗೀಗ ಮೊಮ್ಮಕ್ಕಳು. ನನ್ನ ಮಾತಿನಲ್ಲಿ ನಂಬಿಕೆ ಇಲ್ಲದವರು ಅವಳನ್ನು ಬೇರೆ ಕೂರಿಸಿ ಕೇಳಬಹುದು. ಎಡಗಾಲೋ ಬಲಗಾಲೋ ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: ಬಲಗಾಲು.