ಕೆಂಪು ಕಾರಿನ ಎಣ್ಣೆಯೂ ಕೆಸುವಿನ ದಂಟೂ

"ಈ ವರ್ಷ ಮೊಂತಿ ಹಬ್ಬಕ್ಕೆ ಕಾರ್ಕಳದ ಮನೆಯ ಮೆಟ್ಟಿಲನ್ನು ಎಲ್ಲರಿಗಿಂತ ಮೊದಲು ಹತ್ತುವವಳು ನಾನೇ!" ಎಂದು ಜೆರ್ಟ್ರೂಡ್ ಕಾಪುವಿನ ತನ್ನ ಅಡುಗೆಮನೆಯಲ್ಲಿ ಸೌಟು ಎತ್ತಿ ಘೋಷಿಸಿದಳು. ಕೇಳುವುದಕ್ಕೆ ಬೆಕ್ಕು ಮಾತ್ರ ಇತ್ತು. ಗಂಡ ಲಿಯೋನೆಲ್ ಅಂಗಳದಲ್ಲಿ ಕಾರಿನ ಅಡಿಗೆ ಸೇರಿಕೊಂಡಿದ್ದ. ಹೊರಗೆ ಕಾಣುತ್ತಿದ್ದುದು ಎರಡು ಪಾದಗಳು ಮಾತ್ರ.

ಘೋಷಣೆಗೆ ಕಾರಣವಿತ್ತು. ಮೊಂತಿ ಹಬ್ಬವೆಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಪೂಜೆ ಮುಗಿಸಿ, ಮಂತ್ರಿಸಿದ ತೆನೆಯನ್ನು ಮನೆಗೆ ತಂದು, ಕುಟುಂಬವೆಲ್ಲ ಒಟ್ಟಾಗಿ ಬಾಳೆಲೆಯಲ್ಲಿ ತರಕಾರಿ ಊಟ ಮಾಡಬೇಕು. ಪದಾರ್ಥಗಳು ಎಷ್ಟಾದರೂ ಇರಲಿ, ಲೆಕ್ಕ ಮಾತ್ರ ಬೆಸವಾಗಿರಬೇಕು. ಅತ್ತೆ ಮ್ಯಾಗ್ಡಲಿನ್ ಬಾಯಿಯ ಮನೆಯಲ್ಲಿ ಏಳು. ಅವರ ಅತ್ತೆಯ ಕಾಲದಲ್ಲೂ ಏಳು. ಆ ಏಳರಲ್ಲಿ ರಾಜ ಪದಾರ್ಥವೆಂದರೆ ಅಮಟೆಕಾಯಿ ಹಾಕಿದ ಕೆಸುವಿನ ದಂಟು. ಅದನ್ನು ಮಾಡುವ ಹಕ್ಕು ಹಿರಿಯ ಸೊಸೆಯದ್ದು, ಅಂದರೆ ಜೆರ್ಟ್ರೂಡಳದ್ದು.

ಕಳೆದ ವರ್ಷ ಆ ಹಕ್ಕು ಅಲುಗಾಡಿತು. ಕಾರು ದಾರಿಯಲ್ಲಿ ಮುಷ್ಕರ ಹೂಡಿ, ದಂಟು ಕಾರ್ಕಳ ಮುಟ್ಟುವಾಗ ಮಕ್ಕಳು ಅತ್ತು ಅತ್ತು ಊಟ ಮಾಡಿ ಮಲಗಿದ್ದರು. ಎಲೆಯಲ್ಲಿ ಆರೇ ಪದಾರ್ಥ! ಕಿರಿಯ ಸೊಸೆ ಲೊರ್ನಾ ಸಮಯಪ್ರಜ್ಞೆಯಿಂದ ಲಿಂಬೆ ಉಪ್ಪಿನಕಾಯಿ ಬಡಿಸಿ ಏಳು ಮಾಡಿದಳಂತೆ. ಉಪ್ಪಿನಕಾಯಿ ಪದಾರ್ಥ ಹೌದೋ ಅಲ್ಲವೋ ಎಂಬ ತರ್ಕ ಕ್ರಿಸ್ಮಸ್‌ವರೆಗೂ ನಡೆಯಿತು.

ಈ ವರ್ಷ ಅತ್ತೆ ಖಂಡಿತವಾಗಿ ಹೇಳಿದ್ದರು: "ನೋಡು ಜೆರ್ಟ್ರೂಡ್, ಮಧ್ಯಾಹ್ನದ ಇಗರ್ಜಿ ಗಂಟೆ ಆಗುವ ಮೊದಲು ನಿನ್ನ ದಂಟು ಇಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಇನ್ನು ಮುಂದೆ ಲೊರ್ನಾ ಮಾಡುತ್ತಾಳೆ."

ಇನ್ನು ಮುಂದೆ! ಜೆರ್ಟ್ರೂಡ್ ಆ ರಾತ್ರಿ ಜಪಮಾಲೆಯ ಹತ್ತು ಮಣಿಗಳನ್ನು ದಂಟಿಗೆಂದೇ ಮೀಸಲಿಟ್ಟಳು.

ಇನ್ನು ಕಾರಿನ ಕಥೆ. ಲಿಯೋನೆಲ್ ಕುವೈಟಿನ ಕೆಲಸ ಬಿಟ್ಟು ಬಂದವನು ತೋಟ ಕೊಳ್ಳಲಿಲ್ಲ, ಮನೆಗೆ ತಾರಸಿ ಹಾಕಿಸಲಿಲ್ಲ. ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನವರು ಮಾರಿದ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ತಂದ. ಕೆಂಪು ಬಣ್ಣ. ತಲೆಯ ಮೇಲೆ ಮಾಡು ಇಲ್ಲ. ಮನೆಯಲ್ಲಿ ನಾಲ್ಕು ಜನ, ಕಾರಿನಲ್ಲಿ ಎರಡು ಸೀಟು. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹೊಯ್ಯುವ ಊರಿಗೆ ಇದಕ್ಕಿಂತ ಸೂಕ್ತವಾದ ವಾಹನ ಬೇರೆ ಸಿಕ್ಕೀತೇ!

ಆ ಕಾರಿಗೆ ಒಂದು ಆಯಿಲ್ ಕೂಲರ್ ಇತ್ತು. ಎಂಜಿನಿನ ಎಣ್ಣೆ ಬಿಸಿಯಾದರೆ ಗಾಳಿಗೆ ಒಡ್ಡಿ ತಣಿಸುವ, ಜಾಲರಿಯಂಥ ಪುಟ್ಟ ಪೆಟ್ಟಿಗೆ. ಪುಟ್ಟದಾದ್ದರಿಂದಲೇ ಲಿಯೋನೆಲನಿಗೆ ಚಿಂತೆ. ಮಣಿಪಾಲದ ಏರಿನಲ್ಲಿ ಎಣ್ಣೆಯ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದಂತೆ. ಕೊಲ್ಲಿಯಿಂದ ರಜೆಗೆ ಬರಲಿದ್ದ ಚಿಕ್ಕಪ್ಪನ ಮಗ ಇಮ್ಯಾನುಯೆಲನಿಗೆ ಜೆರ್ಟ್ರೂಡ್ ಒಂದು ಮಿಕ್ಸಿ ತರಲು ಹೇಳಿದ್ದಳು. ಅವನು ಟರ್ಕಿ ಟವೆಲಿನಲ್ಲಿ ಸುತ್ತಿ ಜೋಪಾನವಾಗಿ ತಂದದ್ದು ದೊಡ್ಡ ಆಯಿಲ್ ಕೂಲರ್!

"ಸೂಟ್‌ಕೇಸಿನಲ್ಲಿ ಎರಡಕ್ಕೆ ಜಾಗ ಇರಲಿಲ್ಲ ಅತ್ತಿಗೆ," ಎಂದ ಇಮ್ಯಾನುಯೆಲ್. "ಲಿಯೋನೆಲಣ್ಣ ಇದು ಅರ್ಜೆಂಟ್ ಎಂದು ಬರೆದಿದ್ದರು."

ಅರ್ಜೆಂಟ್ ಕೂಲರ್ ಆರು ತಿಂಗಳು ಊಟದ ಮೇಜಿನ ಮೇಲೆ ಕುಳಿತಿತ್ತು. ಹಾಕುವುದೋ, ಬೇಡವೋ? ಲಿಯೋನೆಲ್ ಉಡುಪಿಯ ಮೆಕ್ಯಾನಿಕ್ ಲೀಲಾಧರನನ್ನು ಕೇಳಿದ. "ಹಾಕಬಹುದು ಸರ್, ಹಾಕದೆಯೂ ಇರಬಹುದು," ಎಂದ ಲೀಲಾಧರ. ಮಣಿಪಾಲದ ಒಬ್ಬ ಮೇಷ್ಟ್ರನ್ನು ಕೇಳಿದ. ಅವರು ಕಪ್ಪುಹಲಗೆಯ ತುಂಬ ಬರೆದು, ಅಳಿಸಿ, "ಎಣ್ಣೆ ಬಿಸಿಯಾದರೆ ಬೇಕು, ಆಗದಿದ್ದರೆ ಬೇಡ," ಎಂದರು. ಪೂಜೆ ಮುಗಿಸಿ ಹೊರಗೆ ನಿಂತ ಪಾದ್ರಿಗಳನ್ನೂ ಬಿಡಲಿಲ್ಲ. ಅವರು ನಕ್ಕು ಆಶೀರ್ವಾದ ಮಾಡಿದರು. ಅದು ಯಾವ ಕೂಲರಿಗೆ ಎಂದು ತಿಳಿಯದೆ ಲಿಯೋನೆಲ್ ಇನ್ನೂ ಗೊಂದಲಕ್ಕೆ ಬಿದ್ದ.

ಎಲ್ಲರೂ ಹೇಳಿದ್ದನ್ನು ಅವನು ಹೆಂಡತಿಗೆ ಬಂದು ಹೇಳುತ್ತಿದ್ದ. ತೆಂಗಿನಕಾಯಿ ತುರಿಯುವಾಗ, ಮೀನು ಕುಯ್ಯುವಾಗ, ಕೊನೆಗೆ ಜಪ ಮಾಡುವಾಗಲೂ!

ಹಬ್ಬದ ಮುನ್ನಾದಿನ ಜೆರ್ಟ್ರೂಡ್ ದಂಟಿನ ನಾರು ತೆಗೆಯುತ್ತಿದ್ದಳು. ಲಿಯೋನೆಲ್ ಬಾಗಿಲಲ್ಲಿ ನಿಂತ.

"ಅಲ್ಲ ಜೆರ್ಟ್ರೂಡ್, ನಾಳೆ ಅಷ್ಟು ದೂರ ಹೋಗುವುದು ಉಂಟಲ್ಲ, ಆ ಕೂಲರ್..."

"ಹಾಕಿ!"

"ಹಾಕಲಾ? ಆದರೆ ಲೀಲಾಧರ..."

"ಹಾಕಿ ಮಾರಾಯ್ರೇ! ಕಾರಿಗೆ ಹಾಕಿ, ಇಲ್ಲದಿದ್ದರೆ ಬಾವಿಗೆ ಹಾಕಿ! ನನ್ನ ಮೇಜು ಖಾಲಿಯಾದರೆ ಸಾಕು!"

ಆರು ತಿಂಗಳಲ್ಲಿ ಸಿಕ್ಕಿದ ಮೊದಲ ಸ್ಪಷ್ಟ ಉತ್ತರ ಅದು. ಲಿಯೋನೆಲನ ಮುಖ ಅರಳಿತು. ಸಂಜೆಯೊಳಗೆ ದೊಡ್ಡ ಕೂಲರ್ ಎಂಜಿನಿನ ನೀರು ತಣಿಸುವ ರೇಡಿಯೇಟರಿನ ಎದುರು, ಮನೆಯ ಬಾಗಿಲಿಗೆ ಅಡ್ಡಲಾಗಿ ಕಪಾಟು ನಿಲ್ಲಿಸಿದ ಹಾಗೆ, ಭದ್ರವಾಗಿ ನಿಂತಿತು.

ಮರುದಿನ ಪೂಜೆ ಮುಗಿದದ್ದೇ ತಡ, ಜೆರ್ಟ್ರೂಡ್ ದಂಟಿನ ಪಾತ್ರೆಯನ್ನು ಟವೆಲಿನಲ್ಲಿ ಬಿಗಿಯಾಗಿ ಕಟ್ಟಿ ಮಡಿಲಲ್ಲಿಟ್ಟುಕೊಂಡು ಕಾರು ಹತ್ತಿದಳು. ಮಕ್ಕಳಿಬ್ಬರೂ ಹಿಂದಿನ ದಿನವೇ ಬಸ್ಸಿನಲ್ಲಿ ಅಜ್ಜಿ ಮನೆ ಸೇರಿದ್ದರು. ಕಾರು ಹೆದ್ದಾರಿಗೆ ಬಂದು ಉಡುಪಿಯ ಕಡೆಗೆ ತಿರುಗಿತು.

"ಎಲ್ಲಿಗೆ? ಶಿರ್ವದ ದಾರಿಯಲ್ಲಿ ಹತ್ತಿರ ಅಲ್ವಾ?"

"ಆ ದಾರಿಯಲ್ಲಿ ಅಂಥ ಏರು ಎಂತ ಉಂಟು? ಮಣಿಪಾಲ ಹತ್ತಿ ಹಿರಿಯಡ್ಕದ ಮೇಲೆ ಹೋದರೆ ಕೂಲರಿನ ಪರೀಕ್ಷೆಯೂ ಆಗುತ್ತದೆ!"

ಜೆರ್ಟ್ರೂಡ್ ಜಪಮಾಲೆ ಹೊರತೆಗೆದಳು.

ಮಣಿಪಾಲದ ಏರು ಬಂತು. ಲಿಯೋನೆಲನ ಕಣ್ಣು ರಸ್ತೆಯ ಮೇಲಿದ್ದದ್ದಕ್ಕಿಂತ ಹೆಚ್ಚು ಎಣ್ಣೆಯ ಮುಳ್ಳಿನ ಮೇಲಿತ್ತು. ಮುಳ್ಳು ಮೇಲೇಳಲಿಲ್ಲ. ಪರ್ಕಳ ದಾಟಿತು. ಮುಳ್ಳು ನಿದ್ದೆಯಲ್ಲೇ ಇತ್ತು.

"ನೋಡಿದೆಯಾ! ಎಣ್ಣೆ ಎಷ್ಟು ತಣ್ಣಗೆ! ಬಾವಿನೀರಿನ ಹಾಗೆ!"

ಹಿರಿಯಡ್ಕ ಕಳೆದು ಸ್ವಲ್ಪ ದೂರದಲ್ಲಿ ಬಾನೆಟ್ಟಿನ ಸಂದಿಯಿಂದ ಬಿಳಿ ಹೊಗೆ ಎದ್ದಿತು.

"ಏನೋ ಹೊಗೆ ಬರುತ್ತದೆ."

"ಅದು ಮಂಜು."

"ಹತ್ತೂವರೆ ಗಂಟೆಗೆ ಮಂಜಾ? ನೀರು ಕುದಿಯುತ್ತಿದೆ, ನಿಲ್ಲಿಸಿ!"

"ಎಣ್ಣೆ ತಣ್ಣಗೆ ಉಂಟು ಮಾರಾಯ್ತಿ! ಎಣ್ಣೆ ತಣ್ಣಗಿದ್ದ ಮೇಲೆ ನೀರಿಗೆ ಎಂತ ಆಗುವುದು?"

ನೀರಿಗೆ ಆಗಬೇಕಾದದ್ದು ಆಯಿತು. ಬಾನೆಟ್ಟಿನೊಳಗೆ ಬುಸ್ ಎಂಬ ಭಾರೀ ನಿಟ್ಟುಸಿರು. ಸ್ಪೋರ್ಟ್ಸ್ ಕಾರು ಇಡ್ಲಿ ಅಟ್ಟದಂತೆ ಹಬೆಯಾಡುತ್ತ ರಸ್ತೆಬದಿಯಲ್ಲಿ ನಿಂತಿತು. ದೊಡ್ಡ ಕೂಲರ್ ಎಣ್ಣೆಯನ್ನು ತಣಿಸಿತ್ತು, ನಿಜ. ಆದರೆ ಹಿಂದಿದ್ದ ರೇಡಿಯೇಟರಿಗೆ ಒಂದು ಹಿಡಿ ಗಾಳಿಯನ್ನೂ ಬಿಡದೆ ಎಲ್ಲವನ್ನೂ ತಾನೇ ಕುಡಿದಿತ್ತು. ನೀರಿನ ಮುಳ್ಳೋ, ಕಾಫಿ ಎಸ್ಟೇಟಿನಲ್ಲಿದ್ದಾಗಲೇ ತೀರಿಕೊಂಡಿತ್ತು.

"ಆರು ತಿಂಗಳು! ಇಡೀ ಜಿಲ್ಲೆಯನ್ನು ಕೇಳಿದಿರಿ!" ಎಂದಳು ಜೆರ್ಟ್ರೂಡ್.

"ಹಾಕಿ ಎಂದದ್ದು ಯಾರು?"

"ನಾನು ಬಾವಿಗೂ ಹಾಕಿ ಎಂದಿದ್ದೆ! ಅದು ಕೇಳಿಸಲಿಲ್ವಾ?"

ಅಷ್ಟರಲ್ಲಿ ಉಡುಪಿಯಿಂದ ಕಾರ್ಕಳದ ಬಸ್ಸು ಬರುವುದು ಕಾಣಿಸಿತು. ಬಸ್ಸಿನ ಕಿಟಕಿಗಳಿಂದ ಹಬ್ಬದ ಕಬ್ಬುಗಳು ಹೊರಗೆ ಚಾಚಿದ್ದವು. ಜೆರ್ಟ್ರೂಡ್ ಕೈ ಅಡ್ಡ ಹಿಡಿದಳು.

"ಬನ್ನಿ, ನೀವೂ ಹತ್ತಿ!"

"ಮಾಡಿಲ್ಲದ ಕಾರು ಇದು. ಬಿಟ್ಟು ಬಂದರೆ ಯಾರಾದರೂ ಕೂಲರನ್ನು ಕದ್ದುಕೊಂಡು ಹೋದರೆ?"

"ದೇವರು ಅಂಥ ಪುಣ್ಯಾತ್ಮನನ್ನು ಬೇಗ ಕಳುಹಿಸಲಿ!" ಎಂದು ಮನಸಾರೆ ಪ್ರಾರ್ಥಿಸಿ ಅವಳು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. "ಅಮ್ಮಾ, ಪಾತ್ರೆ ಕೆಳಗೆ ಇಡಿ," ಎಂದ ಕಂಡಕ್ಟರ್ ಹೂವಪ್ಪ.

"ನನ್ನನ್ನು ಬೇಕಾದರೆ ಕೆಳಗೆ ಇಡಿ, ಪಾತ್ರೆಯನ್ನಲ್ಲ!"

ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ದಂಟು. ತಿರುವು ಬಂದಾಗಲೆಲ್ಲ ಯಾರದೋ ಕಬ್ಬು ಅವಳ ಬೆನ್ನಿಗೆ ತಿವಿಯುತ್ತಿತ್ತು. ಹೊಸ ಸೀರೆ ಹಳತಾಯಿತು, ಆದರೆ ರಸ ಒಂದು ತೊಟ್ಟೂ ತುಳುಕಲಿಲ್ಲ.

ಕಾರ್ಕಳದ ಮನೆಯ ಮೆಟ್ಟಿಲು ಹತ್ತಿ ಅವಳು ಪಾತ್ರೆಯನ್ನು ಅತ್ತೆಯ ಎದುರು ಇಟ್ಟ ಮೇಲೆ ಚರ್ಚಿನಲ್ಲಿ ಹನ್ನೆರಡರ ಗಂಟೆ ಬಾರಿಸಿತು. ಅತ್ತೆ ಗಂಟೆ ಕೇಳಿ ಶಿಲುಬೆಯ ಗುರುತು ಮಾಡಿದರು, ಪಾತ್ರೆಗಳನ್ನು ಎಣಿಸಿದರು.

"ಏಳು! ಈಗ ನೋಡಿ ಹಬ್ಬ!" ಎಂದು ಜೆರ್ಟ್ರೂಡಳ ಗಲ್ಲ ಹಿಡಿದರು. ಲೊರ್ನಾ ನಕ್ಕಳು; ಆ ನಗೆಗೆ ಸ್ವಲ್ಪ ಉಪ್ಪಿನಕಾಯಿಯ ಹುಳಿ ಇತ್ತು. ಜೆರ್ಟ್ರೂಡ್ ಮನಸ್ಸಿನಲ್ಲೇ ಮಾತೆ ಮರಿಯಮ್ಮನಿಗೆ ವಂದಿಸಿದಳು.

ಈ ಸಲ ಹಿರಿಯ ಮಗ ಬರದೆ ಹೊಸ ಅಕ್ಕಿ ಬೆರೆಸಿದ ಕಾಯಿಹಾಲನ್ನು ಹಂಚುವ ಹಾಗಿಲ್ಲ ಎಂದರು ಅತ್ತೆ. ಎಲ್ಲರೂ ಕಾದರು. ಮಕ್ಕಳು ಕಬ್ಬು ಜಗಿದು ಜಗಿದು ಸುಸ್ತಾದರು. ಕೊನೆಗೂ ಗೇಟಿನಲ್ಲಿ ಕೆಂಪು ಕಾರು, ಹಬೆ ಬಿಡುತ್ತ ಬಂದು ನಿಂತಿತು. ಲಿಯೋನೆಲ್ ಇಳಿದ. ಅಂಗಿ ಕಪ್ಪು, ಮುಖ ಕಪ್ಪು, ನಗು ಮಾತ್ರ ಬೆಳ್ಳಗೆ. ಕೈಯಲ್ಲಿ ಬಾಳೆಲೆ ಮುಚ್ಚಿದ ಒಂದು ಪಾತ್ರೆ!

"ರಸ್ತೆ ಬದಿಯ ಮನೆಯಲ್ಲಿ ಸರಸಕ್ಕ ಅಂತ ಒಬ್ಬರು. ಎಷ್ಟು ಒಳ್ಳೆಯವರು! ಕೊಡಪಾನದಲ್ಲಿ ನೀರು ತಂದು ತಂದು ಕೊಟ್ಟರು. ಹೆಂಡತಿ ಸಿಟ್ಟು ಮಾಡಿ ಬಸ್ಸು ಹತ್ತಿದಳು ಎಂದೆ. 'ಅಯ್ಯೋ, ಹಬ್ಬದ ದಿನ ಬರಿಗೈಯಲ್ಲಿ ಹೋಗಬೇಡಿ' ಎಂದು ಎಳೆ ಬಿದಿರಿನ ಕಳಲೆ ಗಸಿ ಕೊಟ್ಟರು. ಜೆರ್ಟ್ರೂಡ್, ನಿನಗೋಸ್ಕರ ತಂದೆ!"

ಅತ್ತೆಯ ಬೆರಳು ನಿಧಾನವಾಗಿ ಪಾತ್ರೆಯಿಂದ ಪಾತ್ರೆಗೆ ಹೋಯಿತು.

"ಎಂಟು," ಎಂದರು.

"ಇದನ್ನು ನಾಳೆಗೆ ಇಡುವ," ಎಂದಳು ಜೆರ್ಟ್ರೂಡ್ ಗಡಿಬಿಡಿಯಿಂದ, ಕಳಲೆಯ ಪಾತ್ರೆಗೆ ಕೈ ಚಾಚಿ.

"ಅದು ಹೇಗೆ ಆಗುತ್ತದೆ?" ಎಂದರು ಅತ್ತೆ. "ಹಬ್ಬದ ದಿನ ಗುರುತು ಪರಿಚಯ ಇಲ್ಲದವರು ಪ್ರೀತಿಯಿಂದ ಕೊಟ್ಟದ್ದು. ಅದನ್ನು ಮೂಲೆಗೆ ಇಡುವುದಾ? ದೇವರು ಮೆಚ್ಚುತ್ತಾನಾ?"

ದೇವರ ಹೆಸರು ಬಂದ ಮೇಲೆ ಜೆರ್ಟ್ರೂಡ್ ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡಳು. ಹಾಗಾದರೆ ಯಾವುದನ್ನು ತೆಗೆಯುವುದು? ಬೆಂಡೆಯನ್ನೇ? ಹೀರೆಯನ್ನೇ?

"ದಂಟನ್ನು ತೆಗೆದಿಡಿ!" ಎಂದ ಲಿಯೋನೆಲ್, ಕೈ ತೊಳೆಯುತ್ತ, ಪರಮ ಉತ್ಸಾಹದಿಂದ. "ಅದು ನಾಳೆಗೆ ಇನ್ನೂ ರುಚಿ. ಇದು ಬಿಸಿ ಬಿಸಿ ಉಂಟು, ಎಂಜಿನಿನ ಪಕ್ಕದಲ್ಲೇ ಇಟ್ಟು ತಂದದ್ದು!"

ಆರು ತಿಂಗಳು ಒಂದು ನಿರ್ಧಾರಕ್ಕೆ ಬರಲಾಗದವನು ಇದನ್ನು ಒಂದೇ ಉಸಿರಿನಲ್ಲಿ ನಿರ್ಧರಿಸಿದ್ದ!

ನಿಂತುಕೊಂಡು, ತಿವಿಸಿಕೊಂಡು, ತುಳುಕಿಸದೆ ತಂದ ದಂಟನ್ನು ಜೆರ್ಟ್ರೂಡ್ ತನ್ನ ಕೈಯಾರೆ ಅಡುಗೆಮನೆಯ ಕಪಾಟಿಗೆ ಸೇರಿಸಿ ಬಂದು ಎಲೆಯ ಮುಂದೆ ಕುಳಿತಳು. ಕಳಲೆ ಗಸಿ ತಿಂದಳು. ಸುಳ್ಳು ಹೇಳುವ ಹಾಗಿಲ್ಲ, ಬಹಳ ಚೆನ್ನಾಗಿತ್ತು.

ಅತ್ತೆ ಎರಡನೆಯ ಸಲ ಹಾಕಿಸಿಕೊಂಡರು. ಬೆರಳು ನೆಕ್ಕಿ, ಮಗನ ಕಡೆ ತಿರುಗಿ, ತುಂಬು ಮನಸ್ಸಿನಿಂದ ಹೇಳಿದರು:

"ಬರುವ ವರ್ಷವೂ ನಿನ್ನ ಕಾರು ಆ ಅಮ್ಮನ ಮನೆಯ ಎದುರೇ ಹಾಳಾಗಲಿ, ಮಗಾ."