ಟೈಲರ್ ಮಾಸ್ಟರೂ ಕಡಲರಾಕ್ಷಸನೂ

ಎದುರು ಗೋಡೆಯ ಪೋಸ್ಟರು ಕಣ್ಣಿಗೆ ಬಿದ್ದದ್ದೇ ತಡ, ಟೈಲರ್ ಮಾಸ್ಟರು ಮೆಷಿನ್ನಿನ ಹಿಂದೆ ತಲೆ ತಗ್ಗಿಸಿದರು. ಮೂವತ್ತು ವರ್ಷದ ಮೇಲೆ ಕಡಲರಾಕ್ಷಸ ಸಿನಿಮಾದ ಎರಡನೇ ಭಾಗದಲ್ಲಿ ಎದ್ದು ಬಂದಿದ್ದ. ಒಂದು ಇಡೀ ಕಟ್ಟಡವನ್ನು ಕಂಕುಳಲ್ಲಿ ಇರುಕಿಕೊಂಡು ನೇರ ಮಾಸ್ಟರನ್ನೇ ನೋಡುತ್ತಿದ್ದ.

ಮೊದಲ ಭಾಗದ ಕತೆಯನ್ನು ಮಾಸ್ಟರು ಮೆಷಿನ್ನು ತುಳಿಯುತ್ತಾ ಬೀದಿಗೆಲ್ಲ ಹೇಳಿ ಹೇಳಿ ಹೆಸರು ಮಾಡಿದ್ದರು. ಬಟ್ಟೆ ತಡವಾದರೂ ಗಿರಾಕಿಗಳು ಕತೆ ಕೇಳಿ ಖುಷಿಯಾಗಿ ಬರಿಗೈಲಿ ಹೋಗುತ್ತಿದ್ದರು. ನಿಜ ಹೇಳಬೇಕೆಂದರೆ, ಚಿಕ್ಕಂದಿನಲ್ಲಿ ಆ ಸಿನಿಮಾಕ್ಕೆ ಹೋದ ಈ ಮಹಾಶಯರು ರಾಕ್ಷಸನ ಮೊದಲ ಗರ್ಜನೆಗೇ ಅಪ್ಪನ ಅಂಗಿಯೊಳಗೆ ತಲೆ ತೂರಿಸಿದವರು, ದೀಪ ಹತ್ತುವವರೆಗೆ ಹೊರಗೆ ತೆಗೆದಿರಲಿಲ್ಲ. ಕತೆಯೆಲ್ಲ ಸ್ವಂತ ತಯಾರಿ.

ಪಕ್ಕದ ಕಟಿಂಗ್ ಶಾಪಿನವ ಓಡಿಬಂದ. "ಮಾಸ್ಟ್ರೇ, ಮ್ಯಾಟ್ನಿಗೆ ಟಿಕೆಟ್ ತಂದಿದ್ದೀನಿ! ನೀವು ಮಧ್ಯದಲ್ಲಿ ಕೂತು ನಮಗೆ ಬಿಡಿಸಿ ಹೇಳ್ಬೇಕು. ಹಳೇದನ್ನ ನೋಡಿದವರ ಗತ್ತೇ ಬೇರೆ ಬಿಡಿ!"

"ಅಯ್ಯೋ, ಇವತ್ತು ಕೋಟು ಕೊಡ್ಬೇಕಲ್ಲಪ್ಪಾ..."

"ನಂದೇ ತಾನೇ ಕೋಟು? ನಾಳಿದ್ದು ಕೊಡಿ, ನಾನೂ ಬರ್ತೀನಿ" ಎಂದ, ಅರೆಹೊಲಿದ ಕೋಟು ತೊಟ್ಟು ಕೈ ಚಾಚಿ ನಿಂತಿದ್ದ ಗಿರಾಕಿ.

"ಹೊಟ್ಟೆನೂ ಯಾಕೋ ಸರಿಯಿಲ್ಲ."

ಒಳಗೆ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ಹೆಂಡತಿ, "ಬೆಳಿಗ್ಗೆ ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರಲ್ಲ! ನಡೀರಿ, ನಾನೂ ಬರ್ತೀನಿ" ಎಂದಳು.

ಹೋದರೆ ಜೀವ ಹೋಗುತ್ತದೆ, ಹೋಗದಿದ್ದರೆ ಮಾನ. ಈ ಯೋಚನೆಯಲ್ಲೇ ಮಾಸ್ಟರು ಒಂದು ಪ್ಯಾಂಟಿನ ಎರಡೂ ಕಾಲನ್ನು ಸೇರಿಸಿ ಹೊಲಿದುಬಿಟ್ಟರು.

ಟಾಕೀಸಿನಲ್ಲಿ ಕತ್ತಲಾಯಿತು. ಮಾಸ್ಟರು ಉಪಾಯವಾಗಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ರಾಕ್ಷಸ ಮಂಜುಮಂಜಾಗಿ, ಒದ್ದೆ ಕಂಬಳಿಯಂತೆ ಕಂಡ. ಸದ್ಯ, ಬದುಕಿದೆ ಅಂದುಕೊಳ್ಳುವಷ್ಟರಲ್ಲಿ ಹೆಂಡತಿ, "ಕನ್ನಡಕ ಹಾಕ್ಕೊಳ್ಳೋದೂ ಮರೆತ್ರಾ?" ಎಂದು ತಾನೇ ಮೂಗಿನ ಮೇಲೆ ಏರಿಸಿದಳು. ಅದೇ ಹೊತ್ತಿಗೆ ರಾಕ್ಷಸ ಬಾಯಿ ತೆರೆದ. ಒಂದೊಂದು ಹಲ್ಲೂ ಒಂದೊಂದು ಬಾಗಿಲಿನಷ್ಟಿತ್ತು. ಸೀಟು ಗಡಗಡ ನಡುಗಿತು. ಮರುಕ್ಷಣ ಮಾಸ್ಟರು ಸೀಟಿನ ಕೆಳಗಿದ್ದರು.

ಅಲ್ಲಿ ಕೈಗೆ ಏನೋ ಮೆತ್ತಗೆ ತಗುಲಿತು. ಮಾಸ್ಟರು ಥಟ್ಟನೆ ಕೈ ಹಿಂದೆಳೆದುಕೊಂಡರು.

"ನಾನೇ ಮಾಸ್ಟ್ರೇ" ಎಂದು ಕಟಿಂಗ್ ಶಾಪಿನವ ಪಿಸುಗುಟ್ಟಿದ. "ಬಾಚಣಿಗೆ ಬಿದ್ದೋಯ್ತು."

"ನಂದು... ಸೂಜಿ ಬಿತ್ತು."

ಅಷ್ಟರಲ್ಲಿ ಕೋಟಿನ ಗಿರಾಕಿಯೂ ತೆವಳಿಕೊಂಡು ಬಂದ. ನಿನ್ನದೇನು ಬಿತ್ತು ಎಂದು ಇಬ್ಬರೂ ಕೇಳಲಿಲ್ಲ.

ಸಿನಿಮಾ ಮುಗಿದು ಹೊರಬಂದರೆ ಬೀದಿಯವರೆಲ್ಲ ಕಾಯುತ್ತಿದ್ದರು. ಎಲ್ಲಿ ಹೆಂಡತಿ ಬಾಯಿ ಬಿಟ್ಟುಬಿಡುತ್ತಾಳೋ ಎಂದು ಮಾಸ್ಟರಿಗೆ ರಾಕ್ಷಸನಿಗಿಂತ ದೊಡ್ಡ ಭಯ. ಅವಳು ಮಾತ್ರ ಟಿಕೆಟ್ ಕಿಟಕಿಯ ಕಡೆ ಹೋಗಿದ್ದಳು.

"ಮಾಸ್ಟ್ರು ಕಣ್ಣು ಮಿಟುಕಿಸ್ಲಿಲ್ಲ ಕಣ್ರೋ!" ಎಂದ ಕಟಿಂಗ್ ಶಾಪಿನವ. ಗಿರಾಕಿಯೂ ಹೌದು ಹೌದು ಎಂದು ತಲೆಯಾಡಿಸಿದ.

ಮಾಸ್ಟರಿಗೆ ಹೋದ ಜೀವ ಬಂತು. "ಇಂಥ ಸಿನಿಮಾ ದಿನಾ ನೋಡಿದ್ರೂ ಬೇಜಾರಾಗಲ್ಲಪ್ಪಾ!" ಎಂದು ಎದೆಯುಬ್ಬಿಸಿದರು.

ಮನೆ ಸೇರಿ ಬಾಗಿಲು ಹಾಕಿಕೊಂಡ ಮೇಲೆ ನೋಡಿದರೆ ಹೆಂಡತಿಯ ಕಣ್ಣು ಒದ್ದೆ.

"ಹೆದರಿಬಿಟ್ಯೇನೇ?"

"ನಾನಾ? ನಿಮ್ಮನ್ನೆಲ್ಲ ತುಳೀಬಾರ್ದು ಅಂತ ಕಾಲು ಮೇಲೆತ್ತಿಕೊಂಡೇ ಪೂರ್ತಿ ನೋಡಿದೆ. ಮೊದಲನೇದನ್ನ ಅಪ್ಪನ ಜೊತೆ ಎಷ್ಟು ಸಲ ನೋಡಿದ್ದೀನೋ! ನಿಮ್ಮ ಕತೆಗೂ ಅದಕ್ಕೂ ಸಂಬಂಧವೇ ಇಲ್ಲ ಅಂತ ಮದುವೆಯಾದ ಹೊಸದ್ರಲ್ಲೇ ಗೊತ್ತಾಯ್ತು. ಹೇಳೋವಾಗ ನಿಮ್ಮ ಮುಖ ಅರಳೋದು, ಸುಮ್ನಿದ್ದೆ. ಇವತ್ತು ಆ ರಾಕ್ಷಸ ನೀರಿಂದ ತಲೆಯೆತ್ತಿದಾಗ ಅಪ್ಪನೇ ಪಕ್ಕದಲ್ಲಿ ಕೂತ ಹಾಗಾಯ್ತು ಕಣ್ರೀ. ಅವರು ಹೋದ್ಮೇಲೆ ಜೊತೆಗೆ ಬರೋರೇ ಇರ್ಲಿಲ್ಲ ನನಗೆ."

ಮಾಸ್ಟರು ಅವಳ ಪಕ್ಕಕ್ಕೆ ಬಂದರು. "ಇನ್ಮೇಲೆ ನಾನಿದ್ದೀನಲ್ಲೇ" ಅಂದುಬಿಟ್ಟರು.

"ಗೊತ್ತು. ದಿನಾ ನೋಡ್ತೀನಿ ಅಂತ ಎಲ್ಲರ ಮುಂದೆ ಅಂದ್ರಲ್ಲ." ಅವಳು ಕಣ್ಣೊರೆಸಿಕೊಂಡು ಚೀಲದಿಂದ ಟಿಕೆಟ್ಟುಗಳನ್ನು ತೆಗೆದಳು. "ನೀವು ಭಾಷಣ ಮಾಡ್ತಿದ್ದಾಗ್ಲೇ ಈ ವಾರಕ್ಕೆಲ್ಲಾ ತಗೊಂಡೆ. ನಾವಿಬ್ಬರೇ. ಮೊದಲನೇ ಸಾಲು."

ಮಾಸ್ಟರು ಹೂಂ ಅಂದು, ಕೂರಲು ಕುರ್ಚಿ ಹುಡುಕಿದರು.