ನಾನು ಬರೆದ ಸೂಟ್‌ಕೇಸು

ವಿಮಾನ ಕಂಪನಿಯವರು ನಮ್ಮ ಸೂಟ್‌ಕೇಸು ಕಳೆದುಹಾಕಿದ್ದಾರೆಂದು ಗೊತ್ತಾದಾಗ, ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು! ವಿಮಾ ಕಚೇರಿಯಲ್ಲಿ ಕುಳಿತು ಇಪ್ಪತ್ತೆರಡು ವರ್ಷ ಜನರ ಪರಿಹಾರದ ಅರ್ಜಿಗಳನ್ನು ಜರಡಿ ಹಿಡಿದವನು ನಾನು. "ಪುರಾವೆ ತೋರಿಸಿ" ಎಂಬ ಎರಡೇ ಶಬ್ದಗಳಿಂದ ಎಂತೆಂಥ ಘಟಾನುಘಟಿಗಳನ್ನು ಮೆಟ್ಟಿಲಿಳಿಸಿದ್ದೇನೆ. ಅಂಥವನ ಸೂಟ್‌ಕೇಸನ್ನು ಕಳೆಯುವುದೆಂದರೆ!

"ನೋಡ್ತಾ ಇರು, ಇವರಿಗೆ ಏಳು ಕೆರೆ ನೀರು ಕುಡಿಸ್ತೀನಿ" ಎಂದೆ ಹೆಂಡತಿಗೆ.

"ನೀರು ಆಮೇಲೆ ಕುಡಿಸಿ. ಮೊದಲು ನನ್ನ ಕತ್ತರಿ ತರಿಸಿ."

ಅವಳು ಬಟ್ಟೆ ಹೊಲಿಯುವವಳು. ಆ ಕತ್ತರಿ ಅವಳ ಅಪ್ಪನದು. ಮೂವತ್ತು ವರ್ಷ ಅದರಲ್ಲೇ ಬಟ್ಟೆ ಕತ್ತರಿಸಿದ ಮಾವನವರು, ಮಗಳು ಅಂಗಡಿ ತೆರೆದ ದಿನ ಅದನ್ನು ಅವಳ ಕೈಗಿಟ್ಟಿದ್ದರು. ತಂಗಿಯ ಹೊಸ ಮನೆಗೆ ಪರದೆ ಹೊಲಿದುಕೊಟ್ಟು ಬರಲು ಒಯ್ದಿದ್ದಳು. ಕೈಚೀಲದಲ್ಲಿ ಕತ್ತರಿ ಬಿಡುವುದಿಲ್ಲವೆಂದು ಸೂಟ್‌ಕೇಸಿಗೆ ಸೇರಿಸಿದ್ದೆವು.

ನಿಲ್ದಾಣದ ಕೌಂಟರಿನಲ್ಲಿ ಒಂದು ಫಾರಂ ಕೊಟ್ಟರು. ಒಳಗೇನಿತ್ತು, ಪಟ್ಟಿ ಬರೆಯಬೇಕು.

"ನಾನು ಬರೀತೀನಿ, ಕಟ್ಟಿದವಳು ನಾನು" ಎಂದಳು.

"ಇದು ತಜ್ಞರ ಕೆಲಸ ಕಣೇ!"

ನಮ್ಮ ಕಸುಬಿನ ಗುಟ್ಟು ಕೇಳಿ. ಅರ್ಜಿದಾರ ಏನೇ ಬರೆಯಲಿ, ನಾವು ಅರ್ಧಕ್ಕೆ ಇಳಿಸುತ್ತೇವೆ. ಇವರೂ ಇಳಿಸುತ್ತಾರೆ. ಆದ್ದರಿಂದ ಮೊದಲೇ ಎರಡರಷ್ಟು ಬರೆದುಬಿಟ್ಟರೆ ಲೆಕ್ಕ ಸರಿ! ಎರಡು ಪ್ಯಾಂಟು ನಾಲ್ಕಾದವು. ಒಂದು ಜೊತೆ ಹಳೇ ಶೂ, ಎರಡು ಜೊತೆ ಹೊಸ ಚರ್ಮದ ಶೂ ಆಯಿತು. ನನ್ನ ನಾಲ್ಕು ಬನಿಯನ್ನುಗಳು "ರೇಷ್ಮೆಯ ಒಳಉಡುಪು, ಎಂಟು" ಎಂದು ಬಡ್ತಿ ಪಡೆದವು. ಇಂಥ ಭವ್ಯ ಪಟ್ಟಿಯಲ್ಲಿ ಹಳೇ ಕಬ್ಬಿಣದ ಕತ್ತರಿ ಶೋಭಿಸುವುದಿಲ್ಲವೆಂದು ಬಿಟ್ಟೆ.

"ಕತ್ತರಿ ಬರೆದ್ರಾ?"

"ಎಲ್ಲಾ ಬರೆದಿದ್ದೀನಿ, ಸುಮ್ನಿರು."

ನಾಲ್ಕನೇ ದಿನ ಫೋನು ಬಂತು: ಒಂದು ಸೂಟ್‌ಕೇಸು ಸಿಕ್ಕಿದೆ, ಚೀಟಿ ಹರಿದುಹೋಗಿದೆ, ಬಂದು ಗುರುತಿಸಿ. ಇಬ್ಬರೂ ಓಡಿದೆವು. ಕೌಂಟರಿನಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ನಮ್ಮದೇ ಸೂಟ್‌ಕೇಸು ತೆರೆದಿಟ್ಟುಕೊಂಡು, ಪಕ್ಕದಲ್ಲಿ ನನ್ನ ಪಟ್ಟಿ ಹರಡಿದ್ದಳು.

"ಸರ್, ನೀವು ಬರೆದಿರೋದು ರೇಷ್ಮೆ, ಎಂಟು. ಇಲ್ಲಿರೋದು ಹತ್ತಿ ಬನಿಯನ್, ನಾಲ್ಕು. ಮೂರಕ್ಕೆ ತೇಪೆ."

ನಾನು ಕೆಮ್ಮಿದೆ.

"ನಿಮ್ಮ ಪಟ್ಟಿಯಲ್ಲಿರೋದನ್ನೆಲ್ಲ ತುಂಬಿದ್ರೆ ಮೂವತ್ತು ಕಿಲೋ ದಾಟುತ್ತೆ. ಹೊರಡೋವಾಗ ತೂಗಿದ್ದು ಹದಿನಾಲ್ಕು. ಮತ್ತೆ, ಇದ್ರಲ್ಲಿ ಒಂದು ಕತ್ತರಿ ಇದೆ. ನಿಮ್ಮ ಪಟ್ಟಿಯಲ್ಲಿ ಕತ್ತರಿನೇ ಇಲ್ಲ. ಕ್ಷಮಿಸಿ, ಇದು ನಿಮ್ಮದಲ್ಲ."

ಹೆಂಡತಿ ನನ್ನತ್ತ ತಿರುಗಿದಳು. "ಬರೆದಿಲ್ವಾ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಒಂದು ಮೊಳ ದೂರದಲ್ಲಿ ಮಲಗಿದ್ದ ಅಪ್ಪನ ಕತ್ತರಿಯನ್ನು ನೋಡುತ್ತಾ ನಿಂತಳು, ಕಣ್ಣು ತುಂಬಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಮೇಡಂ, ಇದು ನಮ್ಮದೇ! ಆ ಪಟ್ಟಿ... ಅದು ಸುಳ್ಳು!"

"ಸುಳ್ಳು ಬರೆದೆ ಅಂತ ನೀವೇ ಹೇಳ್ತಿದ್ದೀರಿ. ಈಗ ಹೇಳ್ತಿರೋದನ್ನ ಹೇಗೆ ನಂಬಲಿ? ಪುರಾವೆ ತೋರಿಸಿ."

ನನ್ನದೇ ಮಾತು! ನನ್ನದೇ ಧಾಟಿ!

ಹೆಂಡತಿ ಕಣ್ಣೊರೆಸಿಕೊಂಡು ಒಂದು ಬನಿಯನ್ ಎತ್ತಿ ಹಿಡಿದಳು. "ಈ ತೇಪೆ ಹಾಕಿದ್ದು ನಾನಮ್ಮ. ಹಸಿರು ದಾರ, ಅಡ್ಡ ಹೊಲಿಗೆ."

"ಯಾರು ಬೇಕಾದ್ರೂ ಹಾಗೆ ಹೊಲೀಬಹುದಲ್ವಾ?"

ಹೆಂಡತಿ ನಿಧಾನವಾಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ನನಗೆ ಅರ್ಥವಾಗಿಹೋಯಿತು! ಹಿಂದೆ ತಿರುಗಿದೆ. ಸರತಿಯಲ್ಲಿ ಹದಿನಾರು ಜನ.

"ಬೇಡ ಕಣೇ..."

"ಗುಂಡಿ ಬಿಚ್ಚಿ."

ಒಂದು ಬಿಚ್ಚಿದೆ. ಎರಡು ಬಿಚ್ಚಿದೆ. ಐದನೆಯದಕ್ಕೆ ಎಡಪಕ್ಕೆ ಬಯಲಾಯಿತು: ಅಂಗೈಯಗಲದ ತೇಪೆ, ಹಸಿರು ದಾರ, ಅಡ್ಡ ಹೊಲಿಗೆ! ಅಧಿಕಾರಿಣಿ ಕೌಂಟರಿನ ಮೇಲೆ ಬಾಗಿ, ಆ ಬನಿಯನ್ನನ್ನು ಈ ಬನಿಯನ್ನಿನ ಪಕ್ಕದಲ್ಲಿ ಹಿಡಿದು, ಹೊಲಿಗೆಗೆ ಹೊಲಿಗೆ ಹೋಲಿಸಿದಳು. ಸರತಿಯವರೂ ಕತ್ತು ಚಾಚಿ ಸಹಕರಿಸಿದರು. ಕೊನೆಗೆ "ಪುರಾವೆ ತೃಪ್ತಿಕರ" ಎಂದು ಬರೆದು ಮುದ್ರೆ ಒತ್ತಿದಳು.

ಹೆಂಡತಿ ಕತ್ತರಿಯನ್ನು ಸೆರಗಿನಿಂದ ಒರೆಸಿ, ಎದೆಗವಚಿಕೊಂಡು ಹೊರಟೇಬಿಟ್ಟಳು. ನಾನು ಸೂಟ್‌ಕೇಸು ಹೊತ್ತು ಅವಸರದಲ್ಲಿ ಹಿಂದೆಯೇ ನಡೆದೆ. ಬಾಗಿಲು ಇನ್ನೂ ಮುಟ್ಟಿರಲಿಲ್ಲ, ಅಧಿಕಾರಿಣಿ ಕೂಗಿದಳು:

"ಸರ್, ಈಗ ಗುಂಡಿ ಹಾಕ್ಕೋಬಹುದು!"